ಮಕ್ಕಳನ್ನು ಕರೆದುಕೊಂಡು ಜರ್ಮನಿಗೆ: ಮೈಸೂರು, ಮಂಡ್ಯದಿಂದ ಹೊರಡುವವರು ಮಾಡಿಕೊಳ್ಳಬೇಕಾದ ತಯಾರಿ

ಜರ್ಮನಿಯಲ್ಲಿ ಕೆಲಸ ಸಿಕ್ಕಿ ಮಕ್ಕಳ ಸಮೇತ ಹೊರಡುವ ಮೈಸೂರು, ಮಂಡ್ಯ ಕಡೆಯ ಮನೆಗಳಲ್ಲಿ ಮೊದಲು ಏಳುವ ಚಿಂತೆ ಚಳಿಯದು, ಆಮೇಲೆ ಊಟದ್ದು. ಈ ಎರಡಕ್ಕೂ ಅಲ್ಲಿನ ಅಂಗಡಿಯಲ್ಲಿ ಪರಿಹಾರ ಸಿಗುತ್ತದೆ. ಅಲ್ಲಿ ಹೋದ ಮೇಲೆ ಸುಲಭಕ್ಕೆ ಸಿಗದ ಸಂಗತಿಗಳು ಬೇರೆ ಎರಡಿವೆ. ಒಂದು, ಅಪ್ಪ, ಅಮ್ಮ, ಮಗು ಮೂವರ ಕಾಗದಪತ್ರಗಳಲ್ಲಿ ಹೆಸರು ಒಂದಕ್ಕೊಂದು ಹೊಂದುವುದು. ಇನ್ನೊಂದು, ಮಗು ತನ್ನ ಕೈಯಿಂದ ತಾನೇ ಉಂಡು, ತನ್ನ ಚಪ್ಪಲಿ ಚಡ್ಡಿ ತಾನೇ ಹಾಕಿಕೊಳ್ಳುವಷ್ಟು ರೂಢಿ. ಹೊಂದಾಣಿಕೆಯ ಅರ್ಧ ಕೆಲಸ ಊರಿನಲ್ಲೇ ಮುಗಿಯಬೇಕು. ಅದಕ್ಕೆ ಕಡಿಮೆ ಎಂದರೂ ಮೂರು ತಿಂಗಳು ಇಟ್ಟುಕೊಳ್ಳಿ.

ಹೆಸರಿನ ತೊಡಕು

ನಮ್ಮ ಕಡೆ ಹೆಸರಿನ ಹಿಂದೆ ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಇರುತ್ತದೆ. ಮನೆತನದ ಹೆಸರು ಎಲ್ಲರಿಗೂ ಇರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯದು, ಬಿಡಿಸಿ ಬರೆಯಬೇಕು. ಹಾಗೆ ಬಿಡಿಸುವಾಗ ಅಪ್ಪನ ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು ಸರ್‌ನೇಮ್ ಆಗುತ್ತದೆ, ಅಮ್ಮನದರಲ್ಲಿ ಗಂಡನ ಹೆಸರು ಸೇರುತ್ತದೆ, ಮಗುವಿನದರಲ್ಲಿ ಸರ್‌ನೇಮ್ ಜಾಗ ಖಾಲಿಯೇ ಉಳಿಯುತ್ತದೆ. ಭಾರತದಲ್ಲಿ ಇದರಿಂದ ಏನೂ ತೊಂದರೆಯಿಲ್ಲ. ಜರ್ಮನಿಯಲ್ಲಿ ಪ್ರತಿ ಅರ್ಜಿಯೂ ಕುಟುಂಬದ ಹೆಸರಿನಿಂದಲೇ ಶುರುವಾಗುತ್ತದೆ. ಸರ್‌ನೇಮ್ ಖಾಲಿ ಇದ್ದರೆ ಒಂದು ಕಚೇರಿ ಒಂದು ರೀತಿ, ವಿಮೆಯವರು ಇನ್ನೊಂದು ರೀತಿ ಬರೆದುಕೊಳ್ಳುತ್ತಾರೆ. ಆಮೇಲೆ ಒಬ್ಬರ ಪತ್ರ ಇನ್ನೊಬ್ಬರಿಗೆ ಹೊಂದುವುದಿಲ್ಲ.

ಆದ್ದರಿಂದ ಮಗುವಿನ ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಮೊದಲು ಮನೆಯಲ್ಲಿ ಕೂತು ಒಂದು ಸರ್‌ನೇಮ್ ತೀರ್ಮಾನಿಸಿ. ಅಪ್ಪ ಅಥವಾ ಅಮ್ಮನ ಪಾಸ್‌ಪೋರ್ಟಿನಲ್ಲಿ ಈಗಾಗಲೇ ಸರ್‌ನೇಮ್ ಎಂದು ನಮೂದಾಗಿರುವುದನ್ನೇ ಮಗುವಿಗೂ ಕೊಡಿ. ಇಬ್ಬರು ಮಕ್ಕಳಿದ್ದರೆ ಇಬ್ಬರಿಗೂ ಒಂದೇ ಇರಲಿ. ಅಪ್ಪ ಅಮ್ಮನ ಪಾಸ್‌ಪೋರ್ಟಿನಲ್ಲೇ ಸರ್‌ನೇಮ್ ಖಾಲಿ ಇದ್ದರೆ ವೀಸಾ ಅರ್ಜಿಗೆ ಮೊದಲು ಅದನ್ನು ತಿದ್ದಿಸಿ. ವೀಸಾ ಅಂಟಿದ ಮೇಲೆ ತಿದ್ದುವುದು ಎರಡು ದೇಶಗಳ ಕೆಲಸವಾಗುತ್ತದೆ.

ಇದಕ್ಕೆಲ್ಲ ಬುಡ ಜನನ ಪ್ರಮಾಣಪತ್ರ. ಇಲ್ಲಿ ಮೂರು ಕಡೆ ಎಡವುತ್ತಾರೆ. ಮೊದಲನೆಯದು ಕಚೇರಿ: ನೋಂದಣಿ ಆಗುವುದು ಮಗು ಹುಟ್ಟಿದ ಊರಿನಲ್ಲಿ, ನೀವು ವಾಸವಿರುವ ಊರಿನಲ್ಲಲ್ಲ. ಮನೆ ಮೈಸೂರಿನಲ್ಲಿದ್ದು ಹೆರಿಗೆ ತವರಾದ ಮಂಡ್ಯದಲ್ಲಿ ಆಗಿದ್ದರೆ ಮೈಸೂರು ಪಾಲಿಕೆಯ ವಲಯ ಕಚೇರಿಗೆ ಅಲೆದು ಪ್ರಯೋಜನವಿಲ್ಲ. ಎರಡನೆಯದು, ನಾಮಕರಣಕ್ಕೆ ಮೊದಲೇ ನೋಂದಣಿಯಾಗಿ ಪತ್ರದಲ್ಲಿ ಮಗುವಿನ ಹೆಸರೇ ಇಲ್ಲದಿರುವುದು. ನೋಂದಣಿಯಾದ ಒಂದು ವರ್ಷದೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ, ಆಮೇಲೆ 15 ವರ್ಷದವರೆಗೆ ತಡ ಶುಲ್ಕ ಕಟ್ಟಿ ಸೇರಿಸಬಹುದು. ಮೂರನೆಯದು ತಾಯಿಯ ಹೆಸರು: ಆಸ್ಪತ್ರೆಯಲ್ಲಿ ಮದುವೆಗೆ ಮುಂಚಿನ ಹೆಸರು ಹೇಳಿರುತ್ತಾರೆ, ಪಾಸ್‌ಪೋರ್ಟಿನಲ್ಲಿ ಬೇರೆ ಇರುತ್ತದೆ. ಇಂಗ್ಲಿಷ್ ಕಾಗುಣಿತದಲ್ಲಿ ಒಂದಕ್ಷರ ಹೆಚ್ಚು ಕಡಿಮೆಯಾದರೂ ತಿದ್ದಿಸಿ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳ ಪಾಸ್‌ಪೋರ್ಟಿಗೆ ಹುಟ್ಟಿದ ದಿನಾಂಕದ ಪುರಾವೆಯಾಗಿ ಜನನ ಪ್ರಮಾಣಪತ್ರ ಒಂದೇ ನಡೆಯುತ್ತದೆ, ಹಾಗಾಗಿ ಅದರಲ್ಲಿನ ತಪ್ಪು ಮುಂದಿನ ಎಲ್ಲ ಪತ್ರಗಳಿಗೂ ಹೋಗುತ್ತದೆ. ಹಳೆಯ ಕೈಬರಹದ, ಕನ್ನಡದಲ್ಲಿ ಮಾತ್ರ ಇರುವ ಪ್ರತಿ ಇದ್ದರೆ ಹೊಸ ಮುದ್ರಿತ ಪ್ರತಿ ತೆಗೆಸಿ. ಬರೀ ಕನ್ನಡದ ಪತ್ರಕ್ಕೆ ಜರ್ಮನಿಯಲ್ಲಿ ಪ್ರಮಾಣಿತ ಅನುವಾದಕರನ್ನು ಹುಡುಕುವುದು ಬಲು ಕಷ್ಟ.

ಛತ್ರದಲ್ಲಿ ಅಥವಾ ದೇವಸ್ಥಾನದಲ್ಲಿ ಮದುವೆಯಾಗಿ ನೋಂದಣಿ ಮಾಡಿಸದೇ ಇರುವವರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅದನ್ನೂ ಮುಗಿಸಿಕೊಳ್ಳಬೇಕು. ಕುಟುಂಬದ ವೀಸಾಕ್ಕೂ, ಅಲ್ಲಿನ ತೆರಿಗೆ ಮತ್ತು ವಿಮೆಗೂ ಮದುವೆ ಪ್ರಮಾಣಪತ್ರ ಕೇಳುತ್ತಾರೆ.

ಅಪೋಸ್ಟಿಲ್ ಬಗ್ಗೆ, ಅಂದರೆ ಹೊರದೇಶದಲ್ಲಿ ನಡೆಯಲೆಂದು ನಮ್ಮ ಸರ್ಕಾರ ದಾಖಲೆಗೆ ಹಾಕುವ ಮುದ್ರೆಯ ಬಗ್ಗೆ, ಒಂದು ಮಾತು. ಭಾರತ 2005ರಲ್ಲಿ ಅಪೋಸ್ಟಿಲ್ ಒಪ್ಪಂದಕ್ಕೆ ಸೇರಿದರೂ ಜರ್ಮನಿ ಅದಕ್ಕೆ ಆಕ್ಷೇಪ ಹಾಕಿತು, ಹಾಗಾಗಿ ಆ ಮುದ್ರೆಗೆ ಅಲ್ಲಿ ಮಾನ್ಯತೆ ಸಿಗಲಿಲ್ಲ. ಅನೇಕ ಏಜೆಂಟರು ಇದನ್ನು ಹೇಳದೆ ಪತ್ರಕ್ಕಿಷ್ಟು ಎಂದು ದುಡ್ಡು ಕೇಳುತ್ತಾರೆ. ಬೆಂಗಳೂರಿನ ಜರ್ಮನ್ ಕಾನ್ಸುಲೇಟ್ ಕೊಡುವ ದಾಖಲೆಗಳ ಪಟ್ಟಿಯಲ್ಲಿ ಏನಿದೆಯೋ ಅಷ್ಟನ್ನೇ ಮಾಡಿಸಿ.

ಪ್ರತಿ ಮಗುವಿಗೂ ಬೇರೆ ಅರ್ಜಿ ಬೇಕು. ದೀರ್ಘಾವಧಿ ವೀಸಾ ಶುಲ್ಕ ದೊಡ್ಡವರಿಗೆ 75 ಯೂರೋ, 18ರ ಒಳಗಿನವರಿಗೆ 37.50. ಮಕ್ಕಳ ಪಾಸ್‌ಪೋರ್ಟ್ ಸಾಮಾನ್ಯವಾಗಿ ಐದೇ ವರ್ಷಕ್ಕೆ ಕೊಡುವುದರಿಂದ ಒಂದು ವರ್ಷಕ್ಕಿಂತ ಕಡಿಮೆ ಅವಧಿ ಉಳಿದಿದ್ದರೆ ಇಲ್ಲೇ ನವೀಕರಿಸಿಬಿಡಿ. ಅಪ್ಪ ಮುಂದೆ ಹೋಗಿ ಅಮ್ಮ ಮಕ್ಕಳನ್ನು ಆಮೇಲೆ ಕರೆತರುವುದಾದರೆ ಅಪ್ಪನ ಒಪ್ಪಿಗೆ ಪತ್ರವನ್ನು ನೋಟರಿ ಮಾಡಿಸಿ ಕೈಚೀಲದಲ್ಲೇ ಇಟ್ಟುಕೊಳ್ಳಿ. ಅಮ್ಮನ ಸರ್‌ನೇಮ್ ಮತ್ತು ಮಗುವಿನದು ಬೇರೆ ಇದ್ದರೆ ವಿಮಾನ ನಿಲ್ದಾಣದಲ್ಲಿ ಇದನ್ನು ಕೇಳುವ ಸಂಭವ ಹೆಚ್ಚು. ಜನನ ಪ್ರಮಾಣಪತ್ರದ ಮೂಲ ಪ್ರತಿಯೂ ಅದೇ ಚೀಲದಲ್ಲಿರಲಿ.

ತಾಯಿ ಕಾರ್ಡ್, ಮಾತು, ಕಿವಿ

ಜರ್ಮನಿಯಲ್ಲಿ 2020ರ ಮಾರ್ಚ್ 1ರಿಂದ ದಡಾರ ಲಸಿಕೆಯ ಕಾನೂನು ಇದೆ. ಒಂದು ವರ್ಷ ತುಂಬಿದ ಮಗುವಿಗೆ ಒಂದು ಡೋಸ್, ಎರಡು ವರ್ಷ ತುಂಬಿದ ಮಗುವಿಗೆ ಎರಡು ಡೋಸ್ ಆಗಿರುವ ಪುರಾವೆ ಇಲ್ಲದೆ ಶಿಶುವಿಹಾರಕ್ಕೆ ಸೇರಿಸಿಕೊಳ್ಳುವುದಿಲ್ಲ. ನಮ್ಮಲ್ಲಿ ಒಂಬತ್ತು ತಿಂಗಳಿಗೆ, ಮತ್ತೆ ಒಂದೂವರೆ ವರ್ಷದ ಹೊತ್ತಿಗೆ ಎಂ.ಆರ್. (ದಡಾರ, ರುಬೆಲ್ಲಾ) ಲಸಿಕೆ ಕೊಟ್ಟಿರುತ್ತಾರೆ, ಹಾಗಾಗಿ ಲಸಿಕೆ ಆಗಿರುತ್ತದೆ. ತೊಂದರೆ ಇರುವುದು ಬರವಣಿಗೆಯಲ್ಲಿ. ತಾಯಿ ಕಾರ್ಡಿನ ಅಳಿಸಿದ ಅಕ್ಷರ, ಸೀಲು ಇಲ್ಲದ ದಿನಾಂಕ ಅಲ್ಲಿನ ವೈದ್ಯರಿಗೆ ಓದಲು ಬರುವುದಿಲ್ಲ. ನಿಮ್ಮ ಮಕ್ಕಳ ಡಾಕ್ಟರ ಹತ್ತಿರ ಲೆಟರ್‌ಹೆಡ್‌ನಲ್ಲಿ ಲಸಿಕೆಯ ಹೆಸರು, ಯಾವ ರೋಗಕ್ಕೆ, ಕೊಟ್ಟ ದಿನಾಂಕ ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ ಸಹಿ, ಸೀಲು ಹಾಕಿಸಿ. ಎಂ.ಆರ್. ಲಸಿಕೆಯಲ್ಲಿ ಗದ್ದಬಾವುಗೆ ರಕ್ಷಣೆ ಇಲ್ಲ. ಅಲ್ಲಿ ಅದನ್ನೂ ಸೇರಿಸಿ ಕೊಡುವುದರಿಂದ ಇನ್ನೊಂದು ಡೋಸ್ ಹಾಕಿಸೋಣ ಎಂದು ವೈದ್ಯರು ಹೇಳಬಹುದು, ಗಾಬರಿ ಬೇಡ. ಕ್ಷಯ ತಡೆಯಲು ಕೊಡುವ ಬಿ.ಸಿ.ಜಿ. ಲಸಿಕೆಯನ್ನು ಜರ್ಮನಿ 1998ರಿಂದ ಶಿಫಾರಸು ಮಾಡುತ್ತಿಲ್ಲ. ತೋಳಿನ ಮೇಲಿನ ಗುರುತು ಏನೆಂದು ಮೊದಲ ಭೇಟಿಯಲ್ಲೇ ಹೇಳಿಬಿಡಿ.

ಮೈಸೂರಿನವರಿಗೆ ಬೇರೆ ಊರಿನವರಿಗಿಲ್ಲದ ಒಂದು ಅನುಕೂಲವಿದೆ: ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಒಂದೂವರೆಯಿಂದ ಐದು ವರ್ಷದ ಮಗುವಿದ್ದರೆ, ಅದರಲ್ಲೂ ಮಾತು ಸ್ವಲ್ಪ ತಡ ಎನ್ನಿಸಿದರೆ, ಹೊರಡುವ ಮೊದಲು ಅಲ್ಲಿ ಕಿವಿ ಮತ್ತು ಮಾತಿನ ಪರೀಕ್ಷೆ ಮಾಡಿಸಿ ಇಂಗ್ಲಿಷ್ ವರದಿ ತೆಗೆದುಕೊಳ್ಳಿ. ಕಾರಣ ಸರಳ. ಜರ್ಮನಿಗೆ ಹೋದ ಮಗು ಕೆಲವು ತಿಂಗಳು ಶಿಶುವಿಹಾರದಲ್ಲಿ ಬಾಯೇ ಬಿಡದಿರುವುದು ಸಹಜ. ಅದು ಹೊಸ ಭಾಷೆಯ ಮೌನವೋ, ನಿಜವಾದ ಮಾತಿನ ತೊಂದರೆಯೋ ಎಂದು ಅಲ್ಲಿನ ಶಿಕ್ಷಕಿಗೆ ಕನ್ನಡ ಬಾರದೆ ತಿಳಿಯಲು ಸಾಧ್ಯವಿಲ್ಲ. ಮಾತೃಭಾಷೆಯಲ್ಲಿ ಮಗು ವಯಸ್ಸಿಗೆ ತಕ್ಕಂತೆ ಮಾತಾಡುತ್ತದೆ ಎಂಬ ವರದಿ ಕೈಯಲ್ಲಿದ್ದರೆ ಅನಗತ್ಯ ಆತಂಕ ತಪ್ಪುತ್ತದೆ. ತೊಂದರೆ ಇದ್ದರೆ ಅದನ್ನು ಹೊಸ ಭಾಷೆಯ ತಲೆಗೆ ಕಟ್ಟಿ ಎರಡು ವರ್ಷ ಕಳೆಯುವುದೂ ತಪ್ಪುತ್ತದೆ.

ಹೊರಡುವುದಕ್ಕೆ ಮುಂಚಿನ ಎರಡು ತಿಂಗಳು, ಮನೆಯೊಳಗೆ

ಅಜ್ಜಿ ಕಥೆ ಹೇಳುತ್ತಾ ತುತ್ತು ಕೊಡುವುದು, ಅಮ್ಮ ಹಿಂದೆ ಹಿಂದೆ ತಟ್ಟೆ ಹಿಡಿದು ಓಡುವುದು ಪ್ರೀತಿಯೇ. ಆದರೆ ಮೂರು ವರ್ಷದ ಮಗುವಿಗೆ ಅಲ್ಲಿ ಯಾರೂ ತುತ್ತು ಕೊಡುವುದಿಲ್ಲ. ತಿನ್ನದಿದ್ದರೆ ತಟ್ಟೆ ಎತ್ತಿ ಇಡುತ್ತಾರೆ. ಅದು ಶಿಕ್ಷೆಯಲ್ಲ, ಹಸಿವನ್ನು ಮಗುವೇ ತಿಳಿಯಲಿ ಎಂಬ ಪದ್ಧತಿ. ಊರಿನಲ್ಲೇ ದಿನಕ್ಕೆ ಒಂದು ಊಟ, ಬೆಳಗಿನ ತಿಂಡಿಯಾದರೆ ಸುಲಭ, ಮಗುವೇ ತಿನ್ನುವಂತೆ ಬಿಡಿ. ಚೆಲ್ಲಲಿ. ಮುಳ್ಳುಚಮಚದಿಂದ ದೋಸೆ ಚುಚ್ಚಿ ತಿನ್ನುವುದನ್ನು ಆಟವಾಗಿ ಕಲಿಸಿ. ನೀರಿನ ಬದಲು ಟಿಶ್ಯೂ ಬಳಸುವುದು, ಚಡ್ಡಿ ಇಳಿಸಿ ಏರಿಸುವುದು, ಬಲಗಾಲು ಎಡಗಾಲಿನ ಶೂ ಗುರುತಿಸುವುದು, ಮೂಗು ತಾನೇ ಒರೆಸಿಕೊಳ್ಳುವುದು, ಇಷ್ಟನ್ನು ಅಭ್ಯಾಸ ಮಾಡಿಸಿ. ಅಕ್ಷರ, ಎ ಬಿ ಸಿ ಡಿ, ನೂರರವರೆಗೆ ಎಣಿಕೆ, ಇವಕ್ಕೆ ಅಲ್ಲಿ ಆರು ವರ್ಷದವರೆಗೆ ಯಾರೂ ಅವಸರ ಮಾಡುವುದಿಲ್ಲ.

ರಾತ್ರಿ ಹತ್ತಕ್ಕೆ ಮಲಗುವ ಮಗುವಿನ ವೇಳೆಯನ್ನು ನಿಧಾನವಾಗಿ ಎಂಟೂವರೆಗೆ ತನ್ನಿ. ಅಲ್ಲಿ ಪುಟ್ಟ ಮಕ್ಕಳು ಏಳು, ಎಂಟಕ್ಕೆ ಮಲಗಿ ಬೆಳಿಗ್ಗೆ ಎಂಟರ ಹೊತ್ತಿಗೆ ಶಿಶುವಿಹಾರದಲ್ಲಿರುತ್ತವೆ.

ಸಾಮಾನಿನಲ್ಲಿ ಚಳಿ ಬಟ್ಟೆ ತುಂಬಬೇಡಿ. ಮೈಸೂರಿನ ಅಂಗಡಿಯ ಸ್ವೆಟರ್ ಅಲ್ಲಿನ ಮಳೆಗೆ ಆಗದು, ಅಲ್ಲಿ ಮಕ್ಕಳ ಬಳಸಿದ ಬಟ್ಟೆ ಒಳ್ಳೆಯ ಸ್ಥಿತಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಅದರ ಬದಲು ರಾಗಿ ಹಿಟ್ಟು, ಸರಿ ಹಿಟ್ಟು, ಸಾರಿನ ಪುಡಿ, ಮಂಡ್ಯದ ಬೆಲ್ಲ ಇಟ್ಟುಕೊಳ್ಳಿ. ಪುಡಿಗಳಿಗೆ ಏನೆಂದು ಇಂಗ್ಲಿಷಿನಲ್ಲಿ ಚೀಟಿ ಅಂಟಿಸಿ. ಹೆಸರಿಲ್ಲದ ಬಿಳಿ ಪುಡಿಯ ಪೊಟ್ಟಣ ಕಸ್ಟಮ್ಸ್‌ನಲ್ಲಿ ಅರ್ಧ ಗಂಟೆ ತಿನ್ನುತ್ತದೆ. ಐರೋಪ್ಯ ಒಕ್ಕೂಟದ ನಿಯಮದಂತೆ ಹೊರದೇಶದಿಂದ ಮಾಂಸ, ಹಾಲು ಮತ್ತು ಹಾಲಿನ ಪದಾರ್ಥ ತರುವಂತಿಲ್ಲ, ಹಾಗಾಗಿ ತುಪ್ಪದ ಡಬ್ಬಿ, ಖೋವಾ ಬಿಡಬೇಕು. ಅಲ್ಲಿನ ಉಪ್ಪಿಲ್ಲದ ಬೆಣ್ಣೆ ಕಾಯಿಸಿದರೆ ಒಳ್ಳೆಯ ತುಪ್ಪವೇ ಬರುತ್ತದೆ. ಹಸಿ ಕರಿಬೇವು, ವೀಳ್ಯದೆಲೆ, ಮಾವಿನಹಣ್ಣು ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಒಳಗೆ ಬಿಡುವುದಿಲ್ಲ. ಬಾಳೆಹಣ್ಣು, ತೆಂಗಿನಕಾಯಿ, ಖರ್ಜೂರ, ಅನಾನಸ್, ದುರಿಯನ್‌ಗೆ ಮಾತ್ರ ವಿನಾಯಿತಿ ಇದೆ, ಆದ್ದರಿಂದ ನಂಜನಗೂಡು ರಸಬಾಳೆ ಒಂದು ಚಿಪ್ಪು ಕೈಚೀಲದಲ್ಲಿ ಹೋಗಬಹುದು.

ಅಮ್ಮನದೋ ಅಜ್ಜಿಯದೋ ಹಳೆಯ ಹತ್ತಿ ಸೀರೆಯಿಂದ ಕರವಸ್ತ್ರದಷ್ಟು ಅಗಲದ ಎರಡು ತುಂಡು ಕತ್ತರಿಸಿ ಅಂಚು ಹೊಲಿಸಿಕೊಳ್ಳಿ. ಶಿಶುವಿಹಾರದ ಮೊದಲ ವಾರಗಳಲ್ಲಿ ಇದರ ಕೆಲಸ ದೊಡ್ಡದು. ಎರಡು ಏಕೆಂದರೆ ಒಂದು ಒಗೆಯಲು ಹೋದಾಗ ಇನ್ನೊಂದು ಬೇಕು.

ಅಲ್ಲಿಗೆ ಇಳಿದ ಮೇಲೆ: ಮೊದಲು ವಿಳಾಸ

ಜರ್ಮನಿಯಲ್ಲಿ ಎಲ್ಲವೂ ವಿಳಾಸ ನೋಂದಣಿಯಿಂದ ಶುರು, ಅದಕ್ಕೆ ಆನ್‌ಮೆಲ್ಡುಂಗ್ ಎನ್ನುತ್ತಾರೆ. ಮನೆಗೆ ಸೇರಿದ ಎರಡು ವಾರದೊಳಗೆ ಪುರಸಭೆಯ ಕಚೇರಿಯಲ್ಲಿ ಮಾಡಬೇಕು, ಮನೆ ಮಾಲೀಕರು ಸಹಿ ಮಾಡಿದ ವಾಸದ ದೃಢೀಕರಣ ಪತ್ರ ಬೇಕು. ಕಂಪನಿ ಕೊಡುವ ತಾತ್ಕಾಲಿಕ ವಸತಿಯಲ್ಲಿ ಇಳಿಯುವವರು ಒಪ್ಪಿಕೊಳ್ಳುವ ಮೊದಲೇ ಒಂದು ಪ್ರಶ್ನೆ ಕೇಳಲಿ: ಇಲ್ಲಿ ವಿಳಾಸ ನೋಂದಣಿಗೆ ಪತ್ರ ಕೊಡುತ್ತೀರಾ? ಕೊಡದಿದ್ದರೆ ತೆರಿಗೆ ಸಂಖ್ಯೆ, ಮಕ್ಕಳ ಭತ್ಯೆ, ಶಿಶುವಿಹಾರದ ಅರ್ಜಿ ಎಲ್ಲವೂ ಮನೆ ಸಿಗುವವರೆಗೆ ನಿಂತುಬಿಡುತ್ತವೆ. ಮಕ್ಕಳ ಹೆಸರನ್ನೂ ಅದೇ ದಿನ ಸೇರಿಸಿ. ಕಚೇರಿಯವರು ಬರೆದುಕೊಂಡ ಹೆಸರನ್ನು ಪಾಸ್‌ಪೋರ್ಟ್ ಪಕ್ಕ ಇಟ್ಟು ಒಂದೊಂದು ಅಕ್ಷರ ನೋಡಿ, ತಪ್ಪಿದ್ದರೆ ಎದ್ದು ಬರುವ ಮೊದಲೇ ತಿದ್ದಿಸಿ.

ಮನೆಯ ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಸರ್‌ನೇಮ್ ಅಂಟಿಸಿ, ಅಪ್ಪ ಅಮ್ಮನದು ಬೇರೆ ಬೇರೆ ಇದ್ದರೆ ಎರಡನ್ನೂ. ಅಲ್ಲಿ ವಿಳಾಸಕ್ಕೆ ಫ್ಲಾಟ್ ಸಂಖ್ಯೆ ಬರೆಯುವ ರೂಢಿ ಕಡಿಮೆ. ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಪತ್ರ ವಾಪಸ್ ಹೋಗುತ್ತದೆ. ತೆರಿಗೆ ಸಂಖ್ಯೆ ಬರುವುದು ಅಂಚೆಯಲ್ಲೇ.

ಮಗುವಿನ ತೆರಿಗೆ ಸಂಖ್ಯೆ ಬಂದ ಕೂಡಲೇ ಕಿಂಡರ್‌ಗೆಲ್ಡ್ ಎಂಬ ಮಕ್ಕಳ ಭತ್ಯೆಗೆ ಅರ್ಜಿ ಹಾಕಿ. 2025ರಲ್ಲಿ ಇದು ಮಗುವಿಗೆ ತಿಂಗಳಿಗೆ 255 ಯೂರೋ ಇತ್ತು, 2026ರ ಜನವರಿಯಿಂದ 259. ಬ್ಲೂ ಕಾರ್ಡ್‌ನಂಥ (ನುರಿತ ಕೆಲಸಗಾರರಿಗೆ ಕೊಡುವ) ವಾಸದ ಪರವಾನಗಿ ಇರುವ ವಿದೇಶಿಯರಿಗೂ ಸಿಗುತ್ತದೆ. ತಡವಾಗಿ ಹಾಕಿದರೆ ಹಿಂದಿನ ಆರು ತಿಂಗಳಿನದು ಮಾತ್ರ ಕೊಡುತ್ತಾರೆ, ಅದಕ್ಕೂ ಹಿಂದಿನದು ಹೋದ ಹಾಗೆಯೇ.

ಆರೋಗ್ಯ ವಿಮೆಯ ಆಯ್ಕೆಯಲ್ಲಿ ಎಚ್ಚರ ಬೇಕು. ಸಂಬಳ ಹೆಚ್ಚಿರುವವರಿಗೆ ಖಾಸಗಿ ವಿಮೆ ಅಗ್ಗವಾಗಿ ಕಾಣುತ್ತದೆ, ಆದರೆ ಅದರಲ್ಲಿ ಹೆಂಡತಿಗೆ ಅಥವಾ ಗಂಡನಿಗೆ, ಪ್ರತಿ ಮಗುವಿಗೆ ಬೇರೆ ಬೇರೆ ಕಂತು. ಸಾರ್ವಜನಿಕ ವಿಮೆಯಲ್ಲಿ ದುಡಿಯದ ಸಂಗಾತಿ ಮತ್ತು ಮಕ್ಕಳು ಹೆಚ್ಚಿನ ಹಣವಿಲ್ಲದೆ ಸೇರುತ್ತಾರೆ. ಒಬ್ಬರೇ ದುಡಿಯುವ, ಮಕ್ಕಳಿರುವ ಮನೆಗೆ ಸಾರ್ವಜನಿಕ ವಿಮೆಯೇ ಸರಿ ಎಂದು ನಾವು ಖಡಾಖಂಡಿತವಾಗಿ ಹೇಳುತ್ತೇವೆ. ಒಮ್ಮೆ ಖಾಸಗಿಗೆ ಹೋದರೆ ಹಿಂದಿರುಗುವ ದಾರಿ ಕಿರಿದು.

ಶಿಶುವಿಹಾರ: ಅಳು, ಕೆಸರು, ಜ್ವರ

ಶಿಶುವಿಹಾರವನ್ನು ಅಲ್ಲಿ ಕಿಟಾ ಎನ್ನುತ್ತಾರೆ. 2013ರ ಆಗಸ್ಟ್ 1ರಿಂದ ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಕಿಟಾ ಅಥವಾ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಪರವಾನಗಿದಾರರ ಬಳಿ ಜಾಗ ಸಿಗುವುದು ಕಾನೂನಿನ ಹಕ್ಕು. ಹಕ್ಕಿದ್ದರೂ ದೊಡ್ಡ ಊರುಗಳಲ್ಲಿ ಜಾಗ ಸಿಗುವುದು ಕಷ್ಟ. ಊರಿನ ಆನ್‌ಲೈನ್ ವ್ಯವಸ್ಥೆಯಲ್ಲಿ ಹೆಸರು ಬರೆಸಿ ಸುಮ್ಮನೆ ಕೂರಬೇಡಿ. ನಡೆದು ಹೋಗುವಷ್ಟು ದೂರದ ಹತ್ತು ಕಿಟಾಗಳಿಗೆ ಮಗುವಿನ ವಯಸ್ಸು, ಬೇಕಾದ ತಿಂಗಳು, ದಿನಕ್ಕೆ ಎಷ್ಟು ಗಂಟೆ ಎಂದು ನಾಲ್ಕು ಸಾಲಿನ ಜರ್ಮನ್ ಮಿಂಚಂಚೆ ಕಳಿಸಿ, ತಿಂಗಳಿಗೊಮ್ಮೆ ನೆನಪಿಸಿ. ವರ್ಷದ ಸೇರ್ಪಡೆ ಹೆಚ್ಚಾಗಿ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಆಗುತ್ತದೆ. ಶುಲ್ಕ ಊರಿಂದ ಊರಿಗೆ ಬೇರೆ. ಬರ್ಲಿನ್‌ನಲ್ಲಿ ಶುಲ್ಕವಿಲ್ಲ, ಊಟಕ್ಕೆ ಮಾತ್ರ ಕೊಡಬೇಕು.

ಜಾಗ ಸಿಕ್ಕಿತೆಂದು ಮರುದಿನವೇ ಮಗುವನ್ನು ಬಿಟ್ಟು ಬರಲು ಆಗುವುದಿಲ್ಲ. ಒಗ್ಗಿಸುವ ಅವಧಿ ಎಂದು ಇರುತ್ತದೆ, ಬಹಳಷ್ಟು ಕಡೆ ಬರ್ಲಿನ್ ಮಾದರಿ ಅನುಸರಿಸುತ್ತಾರೆ. ಮೊದಲ ಮೂರು ದಿನ ಅಪ್ಪ ಅಥವಾ ಅಮ್ಮ ಮಗುವಿನ ಜೊತೆ ಸುಮಾರು ಒಂದು ಗಂಟೆ ಕೋಣೆಯಲ್ಲೇ ಕೂರುತ್ತಾರೆ, ಬಿಟ್ಟು ಹೋಗುವ ಮಾತೇ ಇಲ್ಲ. ನಾಲ್ಕನೆಯ ದಿನ ಹೇಳಿ ಹೊರಗೆ ಹೋಗಿ ಹೆಚ್ಚೆಂದರೆ ಅರ್ಧ ಗಂಟೆಯಲ್ಲಿ ಮರಳುತ್ತಾರೆ. ಆ ದಿನ ಸೋಮವಾರ ಬಿದ್ದರೆ ಮಂಗಳವಾರಕ್ಕೆ ಮುಂದೂಡುತ್ತಾರೆ, ಏಕೆಂದರೆ ಎರಡು ದಿನ ಮನೆಯಲ್ಲಿದ್ದ ಮಗುವಿಗೆ ಅಗಲಿಕೆ ಹೆಚ್ಚು ಕಷ್ಟ. ಅತ್ತ ಮಗು ಶಿಕ್ಷಕಿಯ ಸಮಾಧಾನಕ್ಕೆ ಬಗ್ಗಿದರೆ ಸಮಯವನ್ನು ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾರೆ. ಬಗ್ಗದಿದ್ದರೆ ಇನ್ನಷ್ಟು ದಿನ ಜೊತೆಗೆ ಕೂರುವುದು. ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ, ಭಾಷೆ ಬಾರದ ಮಗುವಿಗೆ ಆರು ವಾರವೂ ಆಗಬಹುದು. ಆ ಅವಧಿಗೆ ಒಬ್ಬರ ರಜೆ ಮೊದಲೇ ಮೀಸಲಿಡಿ. ಇಬ್ಬರೂ ಅದೇ ತಿಂಗಳು ಹೊಸ ಕೆಲಸಕ್ಕೆ ಸೇರುವ ಯೋಜನೆ ಮುರಿದು ಬೀಳುವುದು ಇಲ್ಲೇ.

ಈ ದಿನಗಳಲ್ಲಿ ನಮ್ಮವರು ಮಾಡುವ ದೊಡ್ಡ ತಪ್ಪು ಮಗು ಆಟದಲ್ಲಿದ್ದಾಗ ಮೆಲ್ಲಗೆ ಜಾರಿಕೊಳ್ಳುವುದು. ಅಳು ತಪ್ಪಿಸಲು ಹಾಗೆ ಮಾಡುತ್ತಾರೆ. ಆಮೇಲೆ ಮಗು ಅಮ್ಮನ ಸೆರಗು ಬಿಡುವುದೇ ಇಲ್ಲ, ತಿರುಗಿದರೆ ಅಮ್ಮ ಮಾಯವಾಗುತ್ತಾಳೆ ಎಂದು ಅದಕ್ಕೆ ಗೊತ್ತಾಗಿರುತ್ತದೆ. ಅತ್ತರೂ ಸರಿ, "ಹೋಗಿ ಬರ್ತೀನಿ, ಊಟ ಆದ್ಮೇಲೆ ಬರ್ತೀನಿ" ಎಂದು ಪ್ರತಿದಿನ ಅದೇ ಮಾತು ಹೇಳಿ ಹೊರಡಿ, ಹೇಳಿದ ಹೊತ್ತಿಗೆ ತಪ್ಪದೆ ಬನ್ನಿ. ಸೀರೆ ತುಂಡು ಮಗುವಿನ ಕೈಯಲ್ಲಿರಲಿ.

ಮೊದಲ ದಿನವೇ ಶಿಕ್ಷಕಿಗೆ ಒಂದು ಕಾಗದ ಕೊಡಿ. ಮಗು ಮನೆಯಲ್ಲಿ ಆಡುವ ಹತ್ತು, ಹನ್ನೆರಡು ಮಾತುಗಳು: ನೀರು, ಹಾಲು, ಹಸಿವು, ಬೇಕು, ಬೇಡ, ಸುಸ್ಸು, ಕಕ್ಕ, ನೋವು, ನಿದ್ದೆ, ಅಜ್ಜಿ, ತಾತ. ಪ್ರತಿಯೊಂದನ್ನೂ ರೋಮನ್ ಲಿಪಿಯಲ್ಲಿ ಬರೆದು ಎದುರಿಗೆ ಜರ್ಮನ್ ಅರ್ಥ ಬರೆಯಿರಿ. ಶಿಕ್ಷಕಿಯರು ಅದನ್ನು ಗೋಡೆಗೆ ಅಂಟಿಸಿ ಬಳಸುತ್ತಾರೆ. ಚಡ್ಡಿ ಒದ್ದೆಯಾಗುವ ಅವಮಾನ ಮಗುವಿಗೆ ತಪ್ಪುತ್ತದೆ.

ಸಸ್ಯಾಹಾರಿಗಳು "ಮಾಂಸ ಇಲ್ಲ" ಎಂದಷ್ಟೇ ಹೇಳಿದರೆ ಸಾಲದು. ಮೀನು, ಮೊಟ್ಟೆ, ಮಾಂಸದ ಸಾರು ಬೇಡವೆಂದು ಒಂದೊಂದಾಗಿ ಬರೆದುಕೊಡಿ. ಹುಟ್ಟುಹಬ್ಬಕ್ಕೆ ಹಂಚುವ ಅಂಟು ಮಿಠಾಯಿಗಳಲ್ಲಿ ಹೆಚ್ಚಾಗಿ ಹಂದಿಯ ಜೆಲಾಟಿನ್ ಇರುತ್ತದೆ, ಅದನ್ನೂ ಸೇರಿಸಿ. ಡಬ್ಬಿ ಕಟ್ಟುವ ಕಿಟಾ ಆದರೆ ಚಿತ್ರಾನ್ನಕ್ಕೆ, ಪುಳಿಯೋಗರೆಗೆ ಕಡಲೆಕಾಯಿ ಬೀಜ ಹಾಕುವ ಮೊದಲು ವಿಚಾರಿಸಿ, ಅಲರ್ಜಿಯ ಮಕ್ಕಳಿರುವ ಕಡೆ ಬೀಜಗಳನ್ನು ಬಿಡುವುದಿಲ್ಲ. ಸಿಹಿತಿಂಡಿ ಡಬ್ಬಿಗೆ ಬೇಡ.

ಮಳೆ ಇರಲಿ, ಐದು ಡಿಗ್ರಿ ಚಳಿ ಇರಲಿ, ಮಕ್ಕಳನ್ನು ದಿನವೂ ಹೊರಗೆ ಆಡಲು ಬಿಡುತ್ತಾರೆ. ಬೇಕಾದ್ದು: ನೀರಿಳಿಯದ ಕೆಸರು ಪ್ಯಾಂಟ್ ಒಂದು, ರಬ್ಬರ್ ಬೂಟು, ಒಳಗೆ ಹಾಕುವ ಮೆತ್ತನೆಯ ಚಪ್ಪಲಿ, ಬೆರಳು ಬಿಡಿಯಾಗಿಲ್ಲದ ಕೈಗವಸು ಎರಡು ಜೊತೆ, ಕಿವಿ ಮುಚ್ಚುವ ಟೋಪಿ, ಮತ್ತು ಒಳಚಡ್ಡಿಯಿಂದ ಹಿಡಿದು ಎರಡು ಸೆಟ್ ಬದಲಿ ಬಟ್ಟೆ. ಉದ್ದ ಮಫ್ಲರ್ ಬೇಡ, ಜಾರುಬಂಡಿಯಲ್ಲಿ ಸಿಕ್ಕಿ ಕುತ್ತಿಗೆ ಬಿಗಿಯುವ ಅಪಾಯವಿದೆ, ಕೊಳವೆಯಂತೆ ತಲೆಯಿಂದ ಇಳಿಸುವುದು ಸಿಗುತ್ತದೆ. ಇದೇ ಕಾರಣಕ್ಕೆ ಕತ್ತಿನ ಸರ, ತಾಯತ ತೆಗೆಯಿರಿ ಎನ್ನುತ್ತಾರೆ, ಸುರಕ್ಷತೆಯ ಮಾತದು, ತೆಗೆದುಬಿಡಿ. ಉಡದಾರ ಸೊಂಟದಲ್ಲಿರುವುದರಿಂದ ಏನೆಂದು ವಿವರಿಸಿದರೆ ಸಾಕಾಗುತ್ತದೆ. ಪ್ರತಿ ಬಟ್ಟೆಗೂ ಹೆಸರಿನ ಚೀಟಿ ಅಂಟಿಸಿ. ದಪ್ಪ ಜಾಕೆಟ್ ಹಾಕಿಸಿಯೇ ಕಾರಿನ ಮಕ್ಕಳ ಸೀಟಿನಲ್ಲಿ ಕೂರಿಸಬೇಡಿ, ಪಟ್ಟಿ ಮೈಗೆ ಕೂರದೆ ಅಪಘಾತದಲ್ಲಿ ಮಗು ಜಾರುತ್ತದೆ. ಅಂದಹಾಗೆ, 12 ವರ್ಷ ಅಥವಾ 150 ಸೆಂ.ಮೀ. ಎತ್ತರ ಆಗುವವರೆಗೆ ಮಕ್ಕಳ ಸೀಟು ಕಡ್ಡಾಯ. ತೊಡೆಯ ಮೇಲೆ ಕೂರಿಸಿಕೊಂಡು ಹೋಗುವಂತಿಲ್ಲ.

ಮೊದಲ ಚಳಿಗಾಲದಲ್ಲಿ ಮಗು ಮೇಲಿಂದ ಮೇಲೆ ಜ್ವರ, ನೆಗಡಿ ತರುತ್ತದೆ. ಎಂಟು, ಹತ್ತು ಸಲ ಆದರೂ ಅದು ಅಸಹಜವಲ್ಲ. ಜ್ವರ ಬಂದರೆ ಕಿಟಾದಿಂದ ಕೂಡಲೇ ಕರೆ ಬರುತ್ತದೆ, ಜ್ವರ ಬಿಟ್ಟು ಒಂದು ದಿನ, ಭೇದಿ ನಿಂತು ಎರಡು ದಿನ ಆಗುವವರೆಗೆ ಸೇರಿಸುವುದಿಲ್ಲ. ಸಾರ್ವಜನಿಕ ವಿಮೆಯಲ್ಲಿರುವ ದುಡಿಯುವ ತಂದೆ ತಾಯಿಗೆ 2024ರಿಂದ 12 ವರ್ಷದೊಳಗಿನ ಮಗುವಿಗೆ ತಲಾ 15 ದಿನ ಕಾಯಿಲೆ ರಜೆಯ ಭತ್ಯೆ ಇದೆ, ವೈದ್ಯರ ಪತ್ರ ಬೇಕು. ಮನೆಯಲ್ಲಿ ಇನ್ನೊಬ್ಬರು ಇದ್ದರೆ ಇದು ಸಿಗದು.

ವೈದ್ಯರು, ಮತ್ತು ಕಾನೂನು

ಮಗು ಹುಷಾರಿರುವಾಗಲೇ ಮಕ್ಕಳ ವೈದ್ಯರನ್ನು ಹುಡುಕಿ ನೋಂದಾಯಿಸಿ, ಹಲವರು ಹೊಸಬರನ್ನು ತೆಗೆದುಕೊಳ್ಳುವುದಿಲ್ಲ. ರಾತ್ರಿ, ಭಾನುವಾರ ತುರ್ತಲ್ಲದ ತೊಂದರೆಗೆ 116117, ಜೀವಕ್ಕೆ ಅಪಾಯವಿದ್ದರೆ 112. ನಮ್ಮಲ್ಲಿಯಂತೆ ಎರಡನೇ ದಿನಕ್ಕೇ ಆಂಟಿಬಯಾಟಿಕ್ ಕೊಡುವುದಿಲ್ಲ, ನೀರು ಕುಡಿಸಿ ಮಲಗಿಸಿ ಎನ್ನುತ್ತಾರೆ. ಅದನ್ನು ನಿರ್ಲಕ್ಷ್ಯ ಎಂದುಕೊಳ್ಳಬೇಡಿ. ಮಗುವಿನ ನಿಯಮಿತ ತಪಾಸಣೆಗಳು ಹಳದಿ ಪುಸ್ತಕದಲ್ಲಿ ಯು1 ರಿಂದ ಯು9 ರವರೆಗೆ ಇರುತ್ತವೆ. ಬವೇರಿಯಾ, ಹೆಸ್ಸೆನ್, ಬಾಡೆನ್ ವ್ಯುರ್ಟೆಂಬರ್ಗ್ ರಾಜ್ಯಗಳಲ್ಲಿ ಇವು ಕಡ್ಡಾಯ.

ನಮ್ಮ ಮಕ್ಕಳಲ್ಲಿ ಬೆನ್ನಿನ ಕೆಳಗೆ, ಪಿರ್ರೆಯ ಮೇಲೆ ನೀಲಿ ಮಚ್ಚೆ ಹುಟ್ಟಿನಿಂದಲೇ ಇರುವುದು ಸಾಮಾನ್ಯ. ಬಿಳಿಯ ಮಕ್ಕಳಲ್ಲಿ ಅದು ಅಪರೂಪ, ನೋಡಿದವರಿಗೆ ಪೆಟ್ಟಿನ ಗುರುತಿನಂತೆ ಕಾಣಬಹುದು. ಮೊದಲ ತಪಾಸಣೆಯಲ್ಲೇ ತೋರಿಸಿ ಹಳದಿ ಪುಸ್ತಕದಲ್ಲಿ ಬರೆಸಿಕೊಳ್ಳಿ, ಕಿಟಾದಲ್ಲೂ ಹೇಳಿ. ಇದಕ್ಕೆ ಕಾರಣವಿದೆ. ಜರ್ಮನಿಯಲ್ಲಿ 2000ದಿಂದ ಮಕ್ಕಳಿಗೆ ಹಿಂಸೆಯಿಲ್ಲದೆ ಬೆಳೆಯುವ ಹಕ್ಕನ್ನು ಕಾನೂನು ಕೊಟ್ಟಿದೆ. ಕಪಾಳಕ್ಕೆ ಹೊಡೆಯುವುದು, ಕಿವಿ ಹಿಂಡುವುದು, ಅವಮಾನ ಮಾಡುವುದು ಮನೆಯೊಳಗೂ ಸಲ್ಲದು. ಅನುಮಾನ ಬಂದರೆ ಶಿಕ್ಷಕರು ಮಕ್ಕಳ ಕಲ್ಯಾಣ ಕಚೇರಿಗೆ ತಿಳಿಸುತ್ತಾರೆ. "ಒಂದೇಟು ಕೊಟ್ಟರೆ ಸರಿ ಹೋಗುತ್ತೆ" ಎಂಬ ಮಾತನ್ನು ವಿಮಾನ ಹತ್ತುವ ಮೊದಲೇ ಬಿಡುವುದು ಮಗುವಿಗೂ ಒಳ್ಳೆಯದು.

ಕಾಡಿಗೆ, ಕಪ್ಪು ಬೊಟ್ಟಿನ ವಿಷಯವೂ ಅಷ್ಟೆ. ಮಾರುವ ಕಾಡಿಗೆ, ಸುರ್ಮಾಗಳಲ್ಲಿ ಸೀಸ ಕಂಡುಬಂದಿದೆ, ಕಣ್ಣೊಳಗೆ ಹಚ್ಚಬೇಡಿ. ಇನ್ನು ಬಿಸಿಲು: ನವೆಂಬರ್‌ನಿಂದ ಫೆಬ್ರವರಿವರೆಗೆ ಸೂರ್ಯ ಹೆಸರಿಗಷ್ಟೇ. ಒಂದು ವರ್ಷದೊಳಗಿನ ಮಗುವಿಗೆ ದಿನಕ್ಕೆ 400ರಿಂದ 500 ಯೂನಿಟ್ ಡಿ ವಿಟಮಿನ್ ಕೊಡುವುದು ಅಲ್ಲಿನ ಪದ್ಧತಿ. ಬಣ್ಣ ಗಾಢವಿರುವ ದೊಡ್ಡ ಮಕ್ಕಳಿಗೂ ಬೇಕೇ ಎಂದು ವೈದ್ಯರನ್ನು ಕೇಳಿ.

ಶಾಲೆ, ರಜೆ, ದಸರಾ

ಆರು ವರ್ಷಕ್ಕೆ ಶಾಲೆ ಕಡ್ಡಾಯ, ಮನೆಯಲ್ಲೇ ಕಲಿಸುವುದಕ್ಕೆ ಅವಕಾಶವಿಲ್ಲ. ಭಾಷೆ ಬಾರದ ಮಕ್ಕಳಿಗೆ ಅನೇಕ ಕಡೆ ಸ್ವಾಗತ ತರಗತಿ ಇರುತ್ತದೆ. ಅಂಕಪಟ್ಟಿ ನೋಡಿ ಬೆಚ್ಚಬೇಡಿ: ಅಲ್ಲಿ 1 ಅತ್ಯುತ್ತಮ, 6 ಅನುತ್ತೀರ್ಣ. ಬಹುಪಾಲು ರಾಜ್ಯಗಳಲ್ಲಿ ನಾಲ್ಕನೇ ತರಗತಿಯ ನಂತರ, ಬರ್ಲಿನ್ ಮತ್ತು ಬ್ರಾಂಡೆನ್‌ಬುರ್ಗ್‌ನಲ್ಲಿ ಆರನೆಯ ನಂತರ ಮಕ್ಕಳು ಬೇರೆ ಬೇರೆ ಬಗೆಯ ಶಾಲೆಗೆ ಹೋಗುತ್ತಾರೆ. ಒಂಬತ್ತು ವರ್ಷದ ಮಗುವನ್ನು ಹೊಸದಾಗಿ ಕರೆದೊಯ್ಯುವವರು ಈ ಗಡುವನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಲೇಬೇಕು. ಭಾಷೆ ಕಲಿಯಲು ಸಿಗುವ ಸಮಯ ಕಡಿಮೆ.

ದಸರೆಗೆ ಊರಿಗೆ ಬರುವ ಆಸೆ ಎಲ್ಲರಿಗೂ ಇರುತ್ತದೆ. ಶಾಲೆ ನಡೆಯುವಾಗ ಅನುಮತಿ ಇಲ್ಲದೆ ಮಗುವನ್ನು ಕರೆದುಕೊಂಡು ಹೊರಟರೆ ದಂಡ ಬೀಳುತ್ತದೆ. ರಜೆಗೆ ಮುಂಚಿನ ದಿನಗಳಲ್ಲಿ ಬವೇರಿಯಾದ ವಿಮಾನ ನಿಲ್ದಾಣಗಳಲ್ಲಿ ಪೊಲೀಸರು ಶಾಲಾ ಮಕ್ಕಳನ್ನು ತಡೆದು ವಿಚಾರಿಸಿದ್ದೂ ಇದೆ. ಬವೇರಿಯಾದ ಶರತ್ಕಾಲದ ರಜೆ ನವೆಂಬರ್ 1ರ ಆಸುಪಾಸು, ದಸರೆಗೆ ಹೊಂದುವುದಿಲ್ಲ. ಅಲ್ಲಿನ ಬೇಸಿಗೆ ರಜೆ ಆಗಸ್ಟ್ ಆರಂಭದಿಂದ ಸೆಪ್ಟೆಂಬರ್ ಮಧ್ಯದವರೆಗೆ ಇರುವುದರಿಂದ ವರಮಹಾಲಕ್ಷ್ಮಿ, ಗೌರಿ ಗಣೇಶ ಸಾಮಾನ್ಯವಾಗಿ ಸಿಗುತ್ತವೆ. ಆದರೆ ಆಗ ಇಲ್ಲಿನ ಅಣ್ಣ ತಮ್ಮಂದಿರಿಗೆ ಶಾಲೆ ಇರುತ್ತದೆ ಎಂಬುದು ನೆನಪಿರಲಿ.

ಈಜು ಕಲಿಸುವುದನ್ನು ಮುಂದೂಡಬೇಡಿ. ಶಾಲೆಯವರು ಕೆರೆ, ಈಜುಕೊಳಕ್ಕೆ ಕರೆದೊಯ್ಯುತ್ತಾರೆ, ಜೊತೆಯ ಮಕ್ಕಳು ಐದಾರು ವರ್ಷಕ್ಕೇ 25 ಮೀಟರ್ ಈಜಿ ಮೊದಲ ಬಿಲ್ಲೆ ಪಡೆದಿರುತ್ತಾರೆ. ತರಗತಿಗೆ ಕಾಯುವ ಪಟ್ಟಿ ಉದ್ದ.

ಮನೆಮಾತು, ಅಜ್ಜಿ ತಾತ, ಮರಳುವ ದಾರಿ

ಮಗು ಬೇಗ ಜರ್ಮನ್ ಕಲಿಯಲಿ ಎಂದು ಮನೆಯಲ್ಲಿ ಹರುಕು ಮುರುಕು ಜರ್ಮನ್ ಆಡುವುದು ಬೇಡ. ಜರ್ಮನ್ ಕಿಟಾದಲ್ಲಿ ಸಿಕ್ಕೇ ಸಿಗುತ್ತದೆ, ಕನ್ನಡ ನಿಮ್ಮಿಂದ ಮಾತ್ರ ಸಿಗುವುದು. ಮನೆಯಲ್ಲಿ ಪೂರ್ತಿ ಕನ್ನಡ ಇರಲಿ, ಮಗು ಜರ್ಮನ್‌ನಲ್ಲಿ ಉತ್ತರಿಸಿದರೂ ನೀವು ಕನ್ನಡದಲ್ಲೇ ಮುಂದುವರಿಸಿ. ಊರಿಗೆ ಕರೆ ಮಾಡಲು ಜರ್ಮನಿಯ ಸಂಜೆ ನಾಲ್ಕು ಒಳ್ಳೆಯ ಹೊತ್ತು: ಬೇಸಿಗೆಯಲ್ಲಿ ಮೈಸೂರಿನಲ್ಲಿ ಏಳೂವರೆ, ಚಳಿಗಾಲದಲ್ಲಿ ಎಂಟೂವರೆ. ಬರೀ "ಊಟ ಆಯ್ತಾ" ಎಂದು ಕೇಳಿದರೆ ಮಗು ಎರಡು ನಿಮಿಷಕ್ಕೆ ಓಡಿಹೋಗುತ್ತದೆ. ತಾತ ಒಂದು ಪುಟ ಕಥೆ ಓದುವುದು, ಅಜ್ಜಿ ಒಂದು ಒಗಟು ಕೇಳುವುದು ಎಂದು ಕೆಲಸ ಹಂಚಿಕೊಟ್ಟರೆ ಕರೆ ನಿಲ್ಲುತ್ತದೆ.

ಅಲ್ಲೇ ಹೆರಿಗೆ ಆಗುವುದಾದರೆ ಬಾಣಂತನಕ್ಕೆ ಅಮ್ಮ ಬರುತ್ತಾರೆ ಎಂದಷ್ಟೇ ನಂಬಿ ಕೂರಬೇಡಿ. ಪ್ರವಾಸಿ ವೀಸಾದಲ್ಲಿ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು, ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಬೇಕು. ಗರ್ಭ ನಿಂತದ್ದು ತಿಳಿದ ಕೂಡಲೇ ಸೂಲಗಿತ್ತಿಯನ್ನು ಗೊತ್ತುಮಾಡಿ. ಸಾರ್ವಜನಿಕ ವಿಮೆಯ ಖರ್ಚಿನಲ್ಲಿ ಆಕೆ ಹೆರಿಗೆಯ ನಂತರ 12 ವಾರದವರೆಗೆ ಮನೆಗೇ ಬಂದು ತಾಯಿ ಮಗುವನ್ನು ನೋಡುತ್ತಾಳೆ. ಪೋಷಕರ ಭತ್ಯೆಗೆ ಮೂರು ತಿಂಗಳೊಳಗೆ ಅರ್ಜಿ ಹಾಕಿ, ತಡವಾದರೆ ಹಿಂದಿನ ಮೂರು ತಿಂಗಳಿಗಿಂತ ಹೆಚ್ಚು ಸಿಗದು. ಮಗು ಭಾರತದ ಪ್ರಜೆಯಾಗಿ ಉಳಿಯಬೇಕಾದರೆ ಹುಟ್ಟಿದ ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ಜನನ ನೋಂದಾಯಿಸಬೇಕು. ಹೆಸರಿನ ವಿಷಯದಲ್ಲಿ ಮೇಲೆ ಹೇಳಿದ್ದೆಲ್ಲ ಇಲ್ಲೂ ಅನ್ವಯ.

ಮೂರು, ನಾಲ್ಕು ವರ್ಷಕ್ಕೆ ಮರಳುವ ಯೋಚನೆ ಇರುವವರು ಹೊರಡುವಾಗಲೇ ಮಗುವಿನ ಶಾಲೆಯಿಂದ ಟಿ.ಸಿ., ಅಂಕಪಟ್ಟಿ ಪಡೆದು ಸ್ಯಾಟ್ಸ್ ಸಂಖ್ಯೆ (ರಾಜ್ಯದ ವಿದ್ಯಾರ್ಥಿ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ. ಕನ್ನಡ ಭಾಷಾ ಕಲಿಕೆ ಅಧಿನಿಯಮ 2015ರಂತೆ ರಾಜ್ಯದ ಶಾಲೆಗಳಲ್ಲಿ ಕನ್ನಡ ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಇರಲೇಬೇಕು. ಮಾತು ಬಂದರೂ ಓದು ಬಾರದ ಐದನೇ ತರಗತಿಯ ಮಗು ಇಲ್ಲಿ ಒದ್ದಾಡುತ್ತದೆ. ಒಂದನೇ ತರಗತಿಯಿಂದ ಮೂರನೇ ತರಗತಿಯ ಕನ್ನಡ ಪಠ್ಯಪುಸ್ತಕಗಳನ್ನು ಸಾಮಾನಿನಲ್ಲಿ ಇಟ್ಟುಕೊಂಡು ಹೋಗಿ, ಜರ್ಮನ್ ಅಕ್ಷರ ಗಟ್ಟಿಯಾದ ಮೇಲೆ, ಸುಮಾರು ಏಳು ವರ್ಷಕ್ಕೆ, ವಾರಕ್ಕೆ ಮೂರು ದಿನ ಇಪ್ಪತ್ತು ನಿಮಿಷದಂತೆ ಶುರುಮಾಡಿ. ಹಣ್ಣು, ಪ್ರಾಣಿ, ಮನೆಯವರ ಹೆಸರು ಬರೆಸುವುದರಿಂದ ಆರಂಭಿಸಿದರೆ ಒತ್ತಕ್ಷರದವರೆಗೆ ಬರಲು ಒಂದು ವರ್ಷ ಸಾಕು.